ನೀರಿನ ರೋಲರ್ ಕೋಸ್ಟರ್ ಏರು ಹತ್ತುವುದು ಹೇಗೆ?

ಪ್ರಶ್ನೆ: ಎಳೆಯುವ ಸರಪಳಿಯಿಲ್ಲದೆ ಎತ್ತರಕ್ಕೆ ಚಿಮ್ಮಿ, ಕೊನೆಗೆ ನೀರಿಗೆ ಬೀಳುವ ರೋಲರ್ ಕೋಸ್ಟರ್ ಇದೆಯಂತೆ. ಅದನ್ನು ತಳ್ಳುವುದು ಯಾವುದು?
– ಓದುಗರೊಬ್ಬರು, ರಂಗಂಪೇಟೆ (ಸುರಪುರ ತಾಲ್ಲೂಕು)

ಉತ್ತರ: ತಳ್ಳುವುದು ಆಯಸ್ಕಾಂತದ ಬಲ. ಹಳಿಯ ಉದ್ದಕ್ಕೂ ತಂತಿಸುರುಳಿಗಳನ್ನು ಜೋಡಿಸಿರುತ್ತಾರೆ. ಅವುಗಳಲ್ಲಿ ಒಂದಾದ ಮೇಲೊಂದರಂತೆ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಮುಂದಕ್ಕೆ ಸರಿಯುತ್ತದೆ. ಬಂಡಿಯ ಅಡಿಯಲ್ಲಿರುವ ಆಯಸ್ಕಾಂತಗಳು ಅದರ ಬೆನ್ನು ಹತ್ತುತ್ತವೆ.

ಬೆಲ್ಜಿಯಂನ ವಾಲಿಬಿ ಪಾರ್ಕ್‌ನಲ್ಲಿ 2016ರಲ್ಲಿ ಆರಂಭವಾದ ‘ಪಲ್ಸಾರ್’ ಇದಕ್ಕೆ ಒಳ್ಳೆಯ ಉದಾಹರಣೆ. ಎತ್ತರ ಸುಮಾರು 45 ಮೀಟರ್, ವೇಗ ಗಂಟೆಗೆ ಸುಮಾರು 100 ಕಿ.ಮೀ. ಒಂದೇ ನೂಕಿಗೆ ಅಷ್ಟು ಎತ್ತರ ಸಿಗದು. ಪಂಚಮಿಯ ಜೋಕಾಲಿ ಜೀಕಿದಂತೆ ಬಂಡಿಯನ್ನು ಹಿಂದೆ ಮುಂದೆ ತಳ್ಳಿ ಶಕ್ತಿ ತುಂಬುತ್ತಾರೆ. ಅದು ಮೇಲೆ ಓಡಾಡುತ್ತಿರುವಾಗಲೇ ಕೆಳಗಿನ ತೊಟ್ಟಿಗೆ ನೀರು ನುಗ್ಗುತ್ತದೆ. ಕೊನೆಯಲ್ಲಿ ಬಂಡಿ ಆ ನೀರನ್ನು ಸೀಳುತ್ತದೆ. ನೀರಿನ ತಡೆಯಿಂದಲೇ ಅದರ ವೇಗ ಕುಗ್ಗುತ್ತದೆ. ಅಂದರೆ ನೀರು ಇಲ್ಲಿ ಮೋಜೂ ಹೌದು, ಬ್ರೇಕೂ ಹೌದು.

ನಮ್ಮ ರಾಜ್ಯದಲ್ಲಿ, 2005ರಲ್ಲಿ ಬಿಡದಿ ಬಳಿ ಆರಂಭವಾದ ವಂಡರ್‌ಲಾದ ‘ರಿಕಾಯ್ಲ್’ ಕೂಡ ಮುಂದಕ್ಕೂ ಹಿಂದಕ್ಕೂ ಓಡುತ್ತದೆ, ಆದರೆ ನೀರಿಗಿಳಿಯುವುದಿಲ್ಲ. ಯಾವುದನ್ನೇ ಏರುವ ಮುನ್ನ ಎತ್ತರ ಮತ್ತು ಆರೋಗ್ಯದ ಸೂಚನಾಫಲಕ ಓದಿಕೊಳ್ಳಿ.