ಹೊಂಗೆಕಾಯಿಯಲ್ಲಿ ಒಂದೇ ಬೀಜ ಏಕೆ?



ಹಲಸೂರಿನಲ್ಲೋ ಇಂದಿರಾನಗರದಲ್ಲೋ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಬೇಸಿಗೆಯ ದಿನ ನಡೆದು ಹೋಗುತ್ತಿರುವಾಗ ಕಾಲ ಕೆಳಗೆ ಏನೋ 'ಚಟ್' ಎಂದರೆ ಒಮ್ಮೆ ಬಗ್ಗಿ ನೋಡಿ. ಬಹುಶಃ ಅದು ಹೊಂಗೆಕಾಯಿ. ಚಪ್ಪಟೆಯಾಗಿ, ಕಂದುಬಣ್ಣಕ್ಕೆ ತಿರುಗಿ, ತುದಿಯಲ್ಲಿ ಸ್ವಲ್ಪ ಕೊಕ್ಕಿನಂತೆ ಬಾಗಿರುತ್ತದೆ. ಕಲ್ಲಿನಿಂದ ಕುಟ್ಟಿ ಒಡೆದರೆ ಒಳಗೆ ಸಾಮಾನ್ಯವಾಗಿ ಒಂದೇ ಒಂದು ದಪ್ಪ ಬೀಜ ಸಿಗುತ್ತದೆ. ಆದರೆ ಇನ್ನೂ ಎಳೆಯದಾದ ಹಸಿರು ಕಾಯಿಯನ್ನು ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಬೇರೆಯ ಸಂಗತಿ ತಿಳಿಯುತ್ತದೆ. ಅಲ್ಲಿ ಇರುವುದು ಒಂದಲ್ಲ, ಎರಡು. ಒಂದು ತುದಿಯ ಕಡೆ, ಇನ್ನೊಂದು ತೊಟ್ಟಿನ ಕಡೆ. ಕಾಯಿ ಬಲಿಯುವ ಹೊತ್ತಿಗೆ ಎರಡರಲ್ಲಿ ಒಂದು ಬತ್ತಿಹೋಗಿರುತ್ತದೆ.

ಹಾಗಾದರೆ ಆ ಎರಡನೆಯ ಬೀಜಕ್ಕೆ ಏನಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮ ಬೆಂಗಳೂರಿನ ವಿಜ್ಞಾನಿಗಳೇ. ಅವರ ಉತ್ತರವನ್ನು ಅರ್ಥಮಾಡಿಕೊಳ್ಳಲು ನಾವು ಹೂವಿನಿಂದ ಆರಂಭಿಸಬೇಕು.

ಹೂವಿನ ಏರ್ಪಾಡು

ಗಿಡಮರಗಳಿಗೆ ಕಾಲಿಲ್ಲ. ಬೇರೂರಿದ ಜಾಗ ಬಿಟ್ಟು ಅವು ಕದಲಲಾರವು. ಆದರೂ ಅವುಗಳ ಬಾಳಿನಲ್ಲಿ ಎರಡು ಪ್ರಯಾಣಗಳು ನಡೆಯಲೇಬೇಕು. ಮೊದಲನೆಯದು ಪರಾಗದ ಪ್ರಯಾಣ, ಹೂವಿನಿಂದ ಹೂವಿಗೆ. ಎರಡನೆಯದು ಬೀಜದ ಪ್ರಯಾಣ, ತಾಯಿಮರದಿಂದ ಹೊಸ ನೆಲಕ್ಕೆ. ಎರಡಕ್ಕೂ ಬೇರೆಯವರ ನೆರವು ಬೇಕು. ಹೂವಿನ ಬಣ್ಣ, ಪರಿಮಳ, ಮಕರಂದ, ಹಣ್ಣಿನ ಸಿಹಿ, ಬೀಜದ ರೆಕ್ಕೆ, ಮುಳ್ಳು ಇವೆಲ್ಲ ಆ ಪ್ರಯಾಣಕ್ಕೆ ಮಾಡಿಕೊಂಡ ಸಿದ್ಧತೆಗಳೇ.

ಹೊಂಗೆಯ ಹೂವು ಅವರೆ, ಬಟಾಣಿ ಹೂಗಳ ಜಾತಿಯದು. ಐದು ದಳಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬಾವುಟದಂತೆ ಮೇಲೆದ್ದಿರುತ್ತದೆ. ಎರಡು ದಳಗಳು ಅಕ್ಕಪಕ್ಕದಲ್ಲಿ ರೆಕ್ಕೆಗಳಂತಿವೆ. ಉಳಿದೆರಡು ಕೂಡಿಕೊಂಡು ದೋಣಿಯಂತಾಗಿ, ಕೇಸರಗಳನ್ನೂ ಅಂಡಾಶಯವನ್ನೂ ಒಳಗಿಟ್ಟು ಕಾಪಾಡುತ್ತವೆ. ಮಕರಂದಕ್ಕಾಗಿ ಬಂದ ಜೇನುನೊಣ ಈ ದಳಗಳ ಮೇಲೆ ಕುಳಿತಾಗ ಅದರ ಭಾರಕ್ಕೆ ದೋಣಿ ಕೆಳಕ್ಕೆ ಜಗ್ಗುತ್ತದೆ. ಕೇಸರಗಳು ಹೊರಬಂದು ಪರಾಗವನ್ನು ಅದರ ಮೈಗೆ ಸವರುತ್ತವೆ. ಜೇನುನೊಣ ಇನ್ನೊಂದು ಹೂವಿಗೆ ಹೋದಾಗ ಆ ಪರಾಗ ಅಲ್ಲಿನ ಶಲಾಕಾಗ್ರಕ್ಕೆ ಅಂಟುತ್ತದೆ. ಇದೇ ಪರಾಗಸ್ಪರ್ಶ.

ನೆರವು ನೀಡುವ ಜೀವಿ ಇಲ್ಲದಿದ್ದರೆ? ವೆನಿಲ್ಲಾ ಬಳ್ಳಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮೆಕ್ಸಿಕೊದ ಈ ಬಳ್ಳಿಯನ್ನು ಬೇರೆ ದೇಶಗಳಿಗೆ ಒಯ್ದಾಗ ಹೂವೇನೋ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಪರಾಗ ಒಯ್ಯುವ ಕೀಟಗಳು ತವರಿನಲ್ಲೇ ಉಳಿದಿದ್ದವು. 1841ರಲ್ಲಿ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಒಂದು ಸಣ್ಣ ಕಡ್ಡಿಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನವನ್ನು ಕಂಡುಹಿಡಿದ. ನಮ್ಮ ಮಲೆನಾಡಿನ ವೆನಿಲ್ಲಾ ಬೆಳೆಗಾರರೂ ಬೆಳಗಿನ ಹೊತ್ತು ಒಂದೊಂದು ಹೂವನ್ನೂ ಕೈಯಿಂದ ಮುಟ್ಟಿ ಮಾಡುವುದು ಇದೇ ಕೆಲಸವನ್ನು.

ಎರಡು ಕೂಡಿಕೆಗಳು

ಶಲಾಕಾಗ್ರಕ್ಕೆ ಅಂಟಿದ ಪರಾಗರೇಣು ಮೊಳೆಯುತ್ತದೆ. ಅದರಿಂದ ಕೂದಲಿಗಿಂತ ತೆಳ್ಳನೆಯ ಪರಾಗನಾಳ ಹೊರಟು ಅಂಡಾಶಯದೊಳಕ್ಕೆ ಇಳಿಯುತ್ತದೆ. ಅದು ಹೊತ್ತುಕೊಂಡು ಹೋಗುವುದು ಎರಡು ಗಂಡು ಕೋಶಗಳನ್ನು. ಅಂಡಕವನ್ನು ತಲುಪಿದ ಮೇಲೆ ಒಂದು ಗಂಡು ಕೋಶ ಅಂಡಾಣುವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಅಂಡಕದ ನಡುವಿನ ಕೋಶವನ್ನು ಕೂಡಿ ಭ್ರೂಣಕ್ಕೆ ಬೇಕಾದ ಆಹಾರದ ಭಾಗವಾಗುತ್ತದೆ. ಒಂದರಿಂದ ಮಗು, ಇನ್ನೊಂದರಿಂದ ಅದರ ಬುತ್ತಿ! ಎಳನೀರು ಕುಡಿಯುವಾಗ ನಾವು ಕುಡಿಯುವುದು ತೆಂಗಿನ ಭ್ರೂಣದ ಈ ಬುತ್ತಿಯನ್ನೇ. ಹೊಂಗೆ, ಅವರೆಗಳಲ್ಲಿ ಭ್ರೂಣವು ಇದನ್ನು ಹೀರಿಕೊಂಡು ತನ್ನ ಎರಡು ದಪ್ಪ ಬೇಳೆಗಳಲ್ಲಿ ಆಹಾರ ತುಂಬಿಟ್ಟುಕೊಳ್ಳುತ್ತದೆ.

'ದ್ವಿನಿಶೇಚನ' ಎಂಬ ಈ ಕ್ರಿಯೆಯನ್ನು 1898ರಲ್ಲಿ ರಷ್ಯಾದ ವಿಜ್ಞಾನಿ ಸೆರ್ಗೈ ನವಾಷಿನ್ ಕಂಡುಕೊಂಡರು. ಬೀಜದೊಳಗಿನ ಇಂಥ ಬೆಳವಣಿಗೆಯನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಭ್ರೂಣಶಾಸ್ತ್ರ ಎಂದು ಹೆಸರು. 'ಹಸುರು ಹೊನ್ನು' ಪುಸ್ತಕದ ಮೂಲಕ ಕನ್ನಡಿಗರಿಗೆ ಪರಿಚಿತರಾದ ಬಿ.ಜಿ.ಎಲ್. ಸ್ವಾಮಿ (1918–1980) ಅವರು ಸಸ್ಯಭ್ರೂಣಶಾಸ್ತ್ರದಲ್ಲಿ ಜಗತ್ತೇ ಗಮನಿಸಿದಂಥ ಕೆಲಸ ಮಾಡಿದವರು.

ನಿಶೇಚನಗೊಂಡ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಿಯಾಗುತ್ತದೆ. ಹಲಸೂರಿನ ಹೆಸರಿಗೆ ಕಾರಣವೆಂದು ಹೇಳುವ ಹಲಸನ್ನೇ ನೋಡಿ. ಒಂದು ಹಲಸಿನ ಹಣ್ಣು ಒಂದು ಹೂವಿನಿಂದ ಆದದ್ದಲ್ಲ. ಅದು ನೂರಾರು ಹೆಣ್ಣು ಹೂಗಳು ಒತ್ತೊತ್ತಾಗಿ ಕೂಡಿ ಆದ ಹಣ್ಣು. ಒಂದೊಂದು ತೊಳೆಯೂ ಒಂದೊಂದು ಹೂವಿನ ಫಲ. ತೊಳೆಗಳ ನಡುವೆ ಇರುವ ನಾರಿನಂಥ ಎಳೆಗಳನ್ನು ನಾವು ಕಿತ್ತೆಸೆಯುತ್ತೇವಲ್ಲ, ಅವು ಬೀಜ ಕಟ್ಟದೆ ಉಳಿದ ಹೂಗಳು.

ಒಡಹುಟ್ಟಿದವರ ಪೈಪೋಟಿ

ಈಗ ಹೊಂಗೆಕಾಯಿಗೆ ಹಿಂತಿರುಗೋಣ. ಹೊಂಗೆಯ ಅಂಡಾಶಯದಲ್ಲಿ ಇರುವುದು ಎರಡು ಅಂಡಕಗಳು. ಪರಾಗ ಸಾಲದೆ ಒಂದು ಬತ್ತಿತೆ? ಅಥವಾ ಮರವೇ ಅದನ್ನು ಬೇಡವೆಂದು ಬಿಟ್ಟಿತೆ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೆ.ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್ ಇಂಥ ಪ್ರಶ್ನೆಗಳನ್ನು 1980ರ ದಶಕದಿಂದಲೇ ಕೈಗೆತ್ತಿಕೊಂಡಿದ್ದರು. ಇವರಲ್ಲಿ ಗಣೇಶಯ್ಯನವರನ್ನು ನೀವು ಕಾದಂಬರಿಕಾರರಾಗಿಯೂ ಬಲ್ಲಿರಿ. ಎಚ್.ಎಸ್. ಆರತಿ ಮತ್ತು ಸಂಗಡಿಗರೊಂದಿಗೆ ಅವರು ಹೊಂಗೆಯ ಬಗ್ಗೆ ಮಾಡಿದ ಅಧ್ಯಯನ 1999ರಲ್ಲಿ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಪರಾಗಕ್ಕೆ ಕೊರತೆ ಇಲ್ಲವೆಂದು ಅವರು ಮೊದಲು ಖಚಿತಪಡಿಸಿಕೊಂಡರು. ಅನಂತರ ಗುರುತು ಹಚ್ಚಲು ಬರುವಂಥ ವಿಕಿರಣಶೀಲ ಇಂಗಾಲವುಳ್ಳ ಸಕ್ಕರೆಯನ್ನು ಎಳೆಯ ಬೀಜಗಳಿಗೆ ಒದಗಿಸಿ, ಯಾವುದು ಎಷ್ಟು ಹೀರುತ್ತದೆ ಎಂದು ಪರೀಕ್ಷಿಸಿದರು. ಆಹಾರ ಸೆಳೆದುಕೊಳ್ಳುವ ಶಕ್ತಿ ಎರಡು ಬೀಜಗಳಲ್ಲೂ ಒಂದೇ ಸಮನಾಗಿತ್ತು. ಆದರೆ ಎರಡೂ ಜೊತೆಯಲ್ಲಿ ಇದ್ದಾಗ ತುದಿಯ ಬೀಜದ ಎದುರಿನಲ್ಲಿ ತೊಟ್ಟಿನ ಕಡೆಯ ಬೀಜಕ್ಕೆ ಆಹಾರ ದಕ್ಕುತ್ತಿರಲಿಲ್ಲ. ಸಸ್ಯ ಹಾರ್ಮೋನುಗಳನ್ನು ಹೆಚ್ಚಾಗಿ ಒದಗಿಸಿದಾಗ ಒಂದೇ ಕಾಯಿಯಲ್ಲಿ ಎರಡು ಬೀಜಗಳೂ ಬೆಳೆದವು!

ಎಂದರೆ ಎರಡನೆಯದು ಹುಟ್ಟಿನಿಂದ ದುರ್ಬಲವಾದ ಬೀಜವಲ್ಲ. ಅದು ಒಡಹುಟ್ಟಿದ ಬೀಜದ ಜೊತೆಗಿನ ಪೈಪೋಟಿಯಲ್ಲಿ ಸೋತ ಬೀಜ. ಇದಕ್ಕೂ ಮುಂಚೆ, 1988ರಲ್ಲಿ, ಇದೇ ವಿಜ್ಞಾನಿಗಳು ಬೀಟೆಯ ಬಳಗಕ್ಕೆ ಸೇರಿದ ಶಿಸ್ಸೂ ಮರದ ಕಾಯಿಯಲ್ಲಿಯೂ ಇಂಥದೇ ಪೈಪೋಟಿಯನ್ನು ತೋರಿಸಿದ್ದರು.

ಆದರೆ ಇಂಥ ಏರ್ಪಾಡು ಏಕೆ ಉಳಿದುಬಂತು? ಇದಕ್ಕೆ ಅವರು ಸೂಚಿಸುವ ಉತ್ತರ ಬೀಜದ ಪ್ರಯಾಣದಲ್ಲಿದೆ. ಒಂದೇ ಬೀಜವಿರುವ ಕಾಯಿ ಹಗುರ. ಹಗುರವಾದ ಕಾಯಿ ದೂರ ಹೋಗಬಲ್ಲದು.

ಪ್ರಯಾಣದ ಬಗೆಗಳು

ದೂರ ಹೋಗಲೇಬೇಕೆ? ತಾಯಿಮರದ ಬುಡದಲ್ಲೇ ಬಿದ್ದ ಬೀಜಕ್ಕೆ ಬಿಸಿಲು ಸಾಲದು. ನೀರಿಗಾಗಿ ತಾಯಿಯೊಂದಿಗೇ ಹೋರಾಟ. ಬೀಜಗಳು ರಾಶಿ ಬಿದ್ದಲ್ಲಿ ಅವನ್ನು ತಿನ್ನುವ ಕೀಟ, ರೋಗಗಳೂ ಹೆಚ್ಚು. ಆದ್ದರಿಂದ ಪ್ರತಿ ಜಾತಿಯೂ ಒಂದೊಂದು ವಾಹನವನ್ನು ಆರಿಸಿಕೊಂಡಿದೆ.

ಗಾಳಿಯನ್ನು ನಂಬಿದವುಗಳನ್ನು ನೋಡಿ. ಮಹಾಗನಿಯ ಕಾಯಿ ಬಿರಿದಾಗ ರೆಕ್ಕೆಯುಳ್ಳ ಬೀಜಗಳು ಗಿರಗಿರನೆ ತಿರುಗುತ್ತ ಇಳಿಯುತ್ತವೆ. ರೈಲು ಹಳಿಯ ಪಕ್ಕದ ಎಕ್ಕದ ಬೀಜಕ್ಕೆ ರೇಷ್ಮೆಯಂಥ ಕೂದಲಿದೆ. ಮೊಗ್ಗಿನಿಂದ ಮಕ್ಕಳು ನೀರು ಚಿಮ್ಮಿಸುವ ನೀರುಕಾಯಿ ಮರದ ಬೀಜಕ್ಕೆ ಕಾಗದದಂಥ ತೆಳುರೆಕ್ಕೆ ಇದೆ.

ಪ್ರಾಣಿಗಳನ್ನು ನಂಬಿದವೂ ಉಂಟು. ಗಣೇಶನ ಪೂಜೆಯ ಪತ್ರೆಗಳಲ್ಲಿ ಒಂದಾದ ಉತ್ತರಾಣಿ, ಕಾಯಾದಾಗ ನಮ್ಮ ಬಟ್ಟೆಗೇ ಅಂಟಿ ಮನೆಯವರೆಗೆ ಬರುತ್ತದೆ. ಮಳೆಮರದ ಸಿಹಿಕಾಯಿಯನ್ನು ದನ ತಿಂದರೆ ಗಟ್ಟಿ ಬೀಜ ಸಗಣಿಯೊಂದಿಗೆ ಹೊರಬೀಳುತ್ತದೆ. ಹರಳುಗಿಡದ್ದು ಎರಡು ಹಂತದ ಪ್ರಯಾಣ. ಒಣಗಿದ ಕಾಯಿ ಸಿಡಿದು ಬೀಜ ದೂರ ಬೀಳುತ್ತದೆ. ಬೀಜದ ತುದಿಯಲ್ಲಿರುವ ಮೆತ್ತನೆಯ ಗಂಟಿನ ಆಸೆಗೆ ಇರುವೆಗಳು ಅದನ್ನು ಇನ್ನಷ್ಟು ದೂರ ಎಳೆದೊಯ್ಯುತ್ತವೆ.

ಶಿವಾಜಿನಗರದ ಹಳೆಯ ಕಟ್ಟಡಗಳ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು ನೀವು ಕಂಡಿರಬಹುದು. ಅದರ ಹಿಂದೆ ಇಬ್ಬರ ಕೆಲಸವಿದೆ. ಅಶ್ವತ್ಥದ 'ಹಣ್ಣು' ನಿಜಕ್ಕೂ ಒಳಮುಖವಾಗಿ ಅರಳಿದ ಹೂಗಳ ಗೂಡು. ಅದರ ಕಿರಿದಾದ ಬಾಯಿಯಿಂದ ಒಳಹೊಕ್ಕು ಪರಾಗ ಮುಟ್ಟಿಸುವುದು ಒಂದು ಪುಟ್ಟ ಕಣಜ. ಅದು ಅಲ್ಲೇ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದೆ ಹಣ್ಣು ತಿಂದ ಹಕ್ಕಿ ಗೋಡೆಯ ಮೇಲೆ ಕುಳಿತು ಹಿಕ್ಕೆ ಹಾಕಿದಾಗ ಸಾಸಿವೆಗಿಂತ ಸಣ್ಣ ಬೀಜ ಬಿರುಕಿಗೆ ಸೇರುತ್ತದೆ. ಕಣಜವಿಲ್ಲದೆ ಬೀಜವಿಲ್ಲ, ಹಕ್ಕಿಯಿಲ್ಲದೆ ಸಸಿಯಿಲ್ಲ.

ದಡ ಕಾಣದ ದೋಣಿ

ಹೊಂಗೆ ನಂಬಿದ್ದು ನೀರನ್ನು. ಹಳ್ಳಕೊಳ್ಳಗಳ ದಂಡೆಯೇ ಅದರ ಸಹಜ ನೆಲೆ. ಅದರ ಕಾಯಿ ತಾನಾಗಿ ಬಿರಿಯುವುದಿಲ್ಲ, ನೀರಿನಲ್ಲಿ ಮುಳುಗುವುದಿಲ್ಲ. ಒಬ್ಬನೇ ಪ್ರಯಾಣಿಕನಿರುವ ಪುಟ್ಟ ದೋಣಿಯಂತೆ ಅದು ತೇಲಿಹೋಗುತ್ತದೆ. ಬೆಂಗಳೂರಿನ ಪೂರ್ವದಲ್ಲಿ ಇಂಥ ದೋಣಿಗೆ ದಾರಿಯೂ ಇತ್ತು. ಒಂದು ಕೆರೆ ತುಂಬಿದರೆ ನೀರು ಕಾಲುವೆಯಲ್ಲಿ ಇನ್ನೊಂದಕ್ಕೆ ಹರಿಯುವಂತೆ ನಮ್ಮ ಹಿರಿಯರು ಕೆರೆಗಳ ಸರಪಣಿ ಕಟ್ಟಿದ್ದರು. ಹಲಸೂರು ಕೆರೆಯ ಹೆಚ್ಚುವರಿ ನೀರು ಬೆಳ್ಳಂದೂರಿನತ್ತ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ.

ಇಂದು ಆ ದಾರಿಯ ಸ್ಥಿತಿ ಹೇಗಿದೆ? ರಾಜಕಾಲುವೆಗಳಿಗೆ ಅನೇಕ ಕಡೆ ಕಾಂಕ್ರೀಟಿನ ಗೋಡೆ ಎದ್ದಿದೆ. ಬೇರೂರಲು ಮಣ್ಣಿನ ದಂಡೆಯಿಲ್ಲ. ಬೀದಿಯ ಹೊಂಗೆಮರದ ಕಾಯಿ ಬೀಳುವುದು ಡಾಂಬರಿನ ಮೇಲೆ, ಮಾರನೆಯ ಬೆಳಗ್ಗೆ ಹೋಗುವುದು ಕಸದ ಗಾಡಿಗೆ. ಇನ್ನೊಂದು ಕಡೆ, ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆಯಂಥ ಕಳೆ, ಬೀಜದಿಂದಲೂ ತುಂಡಿನಿಂದಲೂ ಹಬ್ಬಿ, ಕೃಷ್ಣರಾಜಪುರದ ಎಲೆಮಲ್ಲಪ್ಪ ಶೆಟ್ಟಿ ಕೆರೆಯಂಥ ಕಡೆ ನೀರನ್ನೇ ಮುಚ್ಚಿದ್ದುಂಟು. ಕೊಳಚೆಯ ನೀರು ಅದಕ್ಕೆ ಗೊಬ್ಬರ. ನಮ್ಮ ನೆಲದ ಮರಕ್ಕೆ ದಾರಿ ಮುಚ್ಚಿ, ಹೊರಗಿನ ಕಳೆಗೆ ದಾರಿ ತೆರೆದವರು ನಾವೇ.

ದಂಡು ಪ್ರದೇಶದ ಸಾಲುಮರಗಳು ತಾವಾಗಿ ಹುಟ್ಟಿದವಲ್ಲ. ಜರ್ಮನಿಯಿಂದ ಬಂದು 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಿ.ಎಚ್. ಕೃಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂವಿನಿಂದ ತುಂಬಿರುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಲಕ್ಷಾಂತರ ಸಸಿಗಳು ನೆಲೆಗೊಂಡವು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 2011ರಲ್ಲಿ ಮೆಟ್ರೊ ಓಡತೊಡಗುವ ಮುಂಚೆ ಆ ದಾರಿಯ ಹಲವು ಮರಗಳು ಉರುಳಿದವು. ಹಾಗೆ ಉರುಳಿದ ಮರದ ಜಾಗಕ್ಕೆ ಅದರ ಮಗು ತಾನಾಗಿ ಬರಲಾರದು. ಡಾಂಬರಿನ ಊರಿನಲ್ಲಿ ಬೀಜದ ಪ್ರಯಾಣಕ್ಕೆ ಮನುಷ್ಯನ ಕೈಯೇ ವಾಹನವಾಗಬೇಕು.

ನೀವೇ ಮಾಡಿ ನೋಡಿ

ನಿಮ್ಮ ಬೀದಿಯಲ್ಲಿ ಬಿದ್ದ 50 ಹೊಂಗೆಕಾಯಿಗಳನ್ನು ಆರಿಸಿ ತನ್ನಿ. ಮೊದಲು ಒಂದು ಬಕೆಟ್ ನೀರಿಗೆ ಹಾಕಿ, ಎಷ್ಟು ತೇಲುತ್ತವೆ, ಎಷ್ಟು ದಿನ ತೇಲುತ್ತವೆ ಎಂದು ಬರೆದಿಡಿ. ಅನಂತರ ಒಡೆದು ಒಂದು ಬೀಜದವು ಎಷ್ಟು, ಎರಡು ಬೀಜದವು ಎಷ್ಟು ಎಂದು ಎಣಿಸಿ. ಹೊಂಗೆಬೀಜ ಕಹಿ, ವಿಷಕಾರಿ. ಆದ್ದರಿಂದ ಬಾಯಿಗೆ ಹಾಕಬೇಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಒಳ್ಳೆಯ ಬೀಜಗಳನ್ನು ಮಣ್ಣು ತುಂಬಿದ ಚೀಲಗಳಲ್ಲಿ ಊರಿ ನೀರು ಹಾಕಿ. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣಿಸಿಕೊಂಡೀತು.

ಮಳೆಗಾಲದ ಆರಂಭದಲ್ಲಿ ಆ ಸಸಿಗೆ ನಿಮ್ಮ ಶಾಲೆಯ ಅಂಗಳದಲ್ಲೋ ಕೆರೆಯ ದಂಡೆಯಲ್ಲೋ, ಅಲ್ಲಿನವರ ಒಪ್ಪಿಗೆ ಪಡೆದು, ಒಂದು ಜಾಗ ಹುಡುಕಿ. ತನ್ನ ಜೊತೆಯ ಬೀಜವನ್ನು ಹಿಂದಿಕ್ಕಿ, ದೂರ ಹೋಗಲೆಂದು ಬೆಳೆದ ಬೀಜ ಅದು. ಅದನ್ನು ದಡ ಮುಟ್ಟಿಸುವ ಕೆಲಸ ನಿಮ್ಮದಾಗಲಿ.