ಆನ್‌ಲೈನ್ ಪಾಠಕ್ಕೆ ಗುಂಪು ಮಾಡೋದು ಹೇಗೆ? ಮೊದಲು ನೋಡಬೇಕಾದ್ದು ಮೊಬೈಲ್ ಯಾರ ಕೈಲಿದೆ ಅಂತ

ಯಲಹಂಕ: ಈಗ ಮನೆಪಾಠ ಹೇಳೋರಿಗೂ ಒಂದು ವಾಟ್ಸಾಪ್ ಗ್ರೂಪ್ ಬೇಕು. ಆದರೆ ಎಲ್ಲ ಮಕ್ಕಳನ್ನೂ ಒಂದೇ ಗ್ರೂಪಿಗೆ ಸೇರಿಸಿದರೆ ನಾಲ್ಕೈದು ಮಂದಿ ಮಾತ್ರ ಉತ್ತರ ಕೊಡ್ತಾರೆ, ಉಳಿದವರು ಸುಮ್ಮನಿರ್ತಾರೆ. ಅವರಿಗೆ ಪಾಠ ಅರ್ಥವಾಗಿಲ್ಲವೋ, ಮೊಬೈಲೇ ಸಿಕ್ಕಿಲ್ಲವೋ ಅನ್ನೋದು ಮೇಷ್ಟ್ರಿಗೆ ತಿಳಿಯೋದಿಲ್ಲ. ಹಾಗೆ ಸುಮ್ಮನಿದ್ದ ಮಗು ಪರೀಕ್ಷೆ ಹೊತ್ತಿಗೆ ಹಿಂದೆ ಬಿದ್ದಿರುತ್ತೆ.

ವಿದ್ಯಾಗಮ ತೋರಿಸಿದ ದಾರಿ

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಶುರು ಮಾಡಿತು. ಅಲ್ಲಿ ಮಕ್ಕಳನ್ನು ವಿಂಗಡಿಸಿದ್ದು ಅಂಕ ನೋಡಿ ಅಲ್ಲ, ಮನೆಯಲ್ಲಿರುವ ಸೌಲಭ್ಯ ನೋಡಿ. ಇಂಟರ್‌ನೆಟ್ ಇರುವ ಮೊಬೈಲ್ ಅಥವಾ ಕಂಪ್ಯೂಟರ್ ಇದ್ದವರದು ಒಂದು ಗುಂಪು, ಇಂಟರ್‌ನೆಟ್ ಇಲ್ಲದ ಮೊಬೈಲ್ ಇದ್ದವರದು ಇನ್ನೊಂದು, ಏನೂ ಇಲ್ಲದವರದು ಮೂರನೆಯದು. ಮೊಬೈಲ್ ಇಲ್ಲದ ಮಕ್ಕಳಿದ್ದ ಕಡೆಗೆ ಶಿಕ್ಷಕರೇ ಹೋಗಿ, ಗುಡಿ ಆವರಣದಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಜನ ಅದನ್ನು ‘ವಠಾರ ಶಾಲೆ’ ಅಂತ ಕರೆದರು. ಕೋವಿಡ್ ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೆ ಆ ವಿಂಗಡಣೆ ಈಗಲೂ ಕೆಲಸಕ್ಕೆ ಬರುತ್ತೆ.

ಅಂಗಡಿಯವರ ಮನೆಯನ್ನೇ ತಗೊಳ್ಳಿ. ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಹಗಲೆಲ್ಲ ಯುಪಿಐ ಹಣ ನೋಡೋಕೆ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರುತ್ತೆ. ಯಶವಂತಪುರದ ಯಾರ್ಡ್ ಇರಲಿ, ಆರ್.ಟಿ. ನಗರದ ಕಿರಾಣಿ ಅಂಗಡಿ ಇರಲಿ, ಶಟರ್ ಎಳೆದ ಮೇಲೇ ಮಗುವಿನ ಕೈಗೆ ಮೊಬೈಲ್. ಸಂಜೆ ಐದರ ಲೈವ್ ಪಾಠ ಅಂಥ ಮಗುವಿಗೆ ಇದ್ದೂ ಇಲ್ಲದಂತೆ. ಅವರಿಗೆ ರೆಕಾರ್ಡ್ ಮಾಡಿದ ಪಾಠ ಕಳಿಸಿ, ಹೋಂವರ್ಕ್ ಒಪ್ಪಿಸೋಕೆ ಮರುದಿನದವರೆಗೆ ಟೈಮ್ ಕೊಡಬೇಕು.

ಹೀಗೆ ಮಾಡಿ

* ಮೊದಲು ಪೋಷಕರಿಗೆ ಎರಡೇ ಪ್ರಶ್ನೆ: ಮೊಬೈಲ್ ಯಾರದು? ಮಗುವಿಗೆ ಎಷ್ಟು ಗಂಟೆಗೆ ಸಿಗುತ್ತೆ?
* ಒಂದೇ ಹೊತ್ತಿಗೆ ಸಿಗುವ ಐದಾರು ಮಕ್ಕಳದು ಒಂದು ಗುಂಪು. ಅದರಲ್ಲಿ ಚೆನ್ನಾಗಿ ಓದೋರು, ನಿಧಾನಕ್ಕೆ ಕಲಿಯೋರು ಇಬ್ಬರೂ ಇರಲಿ.
* ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಹೋಂವರ್ಕ್ ಕೊಡುವಾಗ ಬೇಕಾದ ಮಕ್ಕಳನ್ನಷ್ಟೇ ಆರಿಸಬಹುದು.
* ಮೂಡಲ್ ಬಳಸೋರಿಗೆ ಎರಡು ದಾರಿ: ಒಂದು ಗುಂಪಿನ ಕೆಲಸ ಇನ್ನೊಂದಕ್ಕೆ ಕಾಣದಂತೆ ಇಡಬಹುದು, ಇಲ್ಲವೇ ನೋಡೋಕೆ ಮಾತ್ರ ಬಿಡಬಹುದು.
* ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಮಕ್ಕಳ ನಂಬರ್ ಬದಲು ಪೋಷಕರ ನಂಬರ್ ಸೇರಿಸಿ, ಅದೂ ಅವರನ್ನು ಕೇಳಿಯೇ.

ಗುಂಪು ಒಮ್ಮೆ ಮಾಡಿದರೆ ಮುಗೀತು ಅಂತಲ್ಲ. ಸರ್ಕಾರಿ ಶಾಲೆಯ ನಲಿಕಲಿ ತರಗತಿಯಲ್ಲಿ ಮಗು ಕಲಿಕೆಯ ಮೆಟ್ಟಿಲು ಏರಿದಂತೆ ಕೂರುವ ಗುಂಪೂ ಬದಲಾಗುತ್ತೆ. ಮನೆಪಾಠದವರೂ ತಿಂಗಳಿಗೊಮ್ಮೆ ಗುಂಪು ಬದಲಿಸಲಿ. ಇಲ್ಲದಿದ್ದರೆ ‘ದಡ್ಡರ ಗ್ರೂಪ್’ ಅನ್ನೋ ಹೆಸರು ಮಕ್ಕಳ ಬಾಯಲ್ಲೇ ಹುಟ್ಟಿಕೊಳ್ಳುತ್ತೆ.

ಪೋಷಕರೂ ಫೀಸ್ ಎಷ್ಟು ಅಂತ ಕೇಳುವಾಗಲೇ, ನಮ್ಮ ಮಗು ಯಾವ ಗುಂಪಿನಲ್ಲಿದೆ, ಯಾಕೆ ಅಂತಲೂ ಕೇಳಿ.