ಬಿಸಿಲೂರಿನ ನೆತ್ತಿಯ ಮೇಲೆ ಮಂಜುಗಡ್ಡೆ

ರಾಯಚೂರು ಸೀಮೆಯ ಮಸ್ಕಿಯಲ್ಲಿ ಯಾವುದಾದರೂ ಮಿರ್ಚಿ ಅಂಗಡಿಗೆ ಹೋಗಿ ಗ್ಯಾಸ್ ಸಿಲಿಂಡರಿನ ತಳ ಮುಟ್ಟಿ ನೋಡಿ. ಹೊರಗೆ ನೆತ್ತಿ ಸುಡುವ ಬಿಸಿಲು, ಬಾಣಲೆಯಲ್ಲಿ ಕಾದ ಎಣ್ಣೆ. ಬೆಳಗಿನಿಂದ ಒಂದೇ ಸಮನೆ ಉರಿದ ಸಿಲಿಂಡರಿನ ಕೆಳಭಾಗ ಮಾತ್ರ ತಣ್ಣಗೆ ಬೆವರುತ್ತಿರುತ್ತದೆ, ಒಮ್ಮೊಮ್ಮೆ ಬೆಳ್ಳನೆ ಮಂಜನ್ನೂ ಕಟ್ಟಿಕೊಂಡಿರುತ್ತದೆ. ದ್ರವ ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರುತ್ತದೆ, ಅಷ್ಟೆ.

ಪೆಟ್ರೋಲ್‌ನಲ್ಲಿ ಓಡುವ ಸಣ್ಣ ವಿಮಾನಗಳ ಕಾರ್ಬ್ಯುರೇಟರಿನಲ್ಲಿ ನಡೆಯುವುದೂ ಇದೇ. ಇಂಧನ ಆವಿಯಾಗುತ್ತ, ಇಕ್ಕಟ್ಟಾದ ಕೊರಳಲ್ಲಿ ಗಾಳಿಯ ಒತ್ತಡ ಇಳಿಯುತ್ತ ಒಳಗಿನ ಉಷ್ಣಾಂಶ 20 ಡಿಗ್ರಿಗೂ ಹೆಚ್ಚು ಕುಸಿಯಬಹುದು. ಹೊರಗೆ 25 ಡಿಗ್ರಿ, ಗಾಳಿಯಲ್ಲಿ ಒಂದಿಷ್ಟು ಪಸೆ ಇದ್ದರೆ ಸಾಕು; ಸಿಂಧನೂರಿನ ಭತ್ತದ ಗದ್ದೆಗಳ ಮೇಲಿನ ಶ್ರಾವಣದ ಮುಂಜಾವು ಅಂದುಕೊಳ್ಳಿ. ಆ ಪಸೆ ಮಂಜಾಗಿ ಕೊರಳು ಕಟ್ಟುತ್ತದೆ; ಎಂಜಿನ್ ಮೊದಲು ಕೆಮ್ಮುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಬಿಸಿಗಾಳಿ ಬಿಡುವ ಗುಂಡಿ ಎಳೆದರೆ ಮಂಜು ಕರಗುತ್ತದೆ, ಆದರೆ ಕರಗಿದ ನೀರು ಒಳಹೋಗುವಾಗ ಎಂಜಿನ್ ಇನ್ನಷ್ಟು ಕೆಮ್ಮುತ್ತದೆ. ಹೊಸ ಪೈಲಟ್ ಹೆದರಿ ಗುಂಡಿಯನ್ನು ಹಿಂದಕ್ಕೆ ತಳ್ಳಿ ಕೆಡುವುದು ಆಗಲೇ.

ಬಿಸಿಲಿನ ನಾಡಿಗೂ ವಿಮಾನದ ಚಳಿಗೂ ಇದಕ್ಕಿಂತ ದೊಡ್ಡ ನಂಟೊಂದಿದೆ. 2003ರ ‘ವರುಣ’ ಯೋಜನೆಯ ನಂತರ 2017ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ‘ವರ್ಷಧಾರೆ’ ಹೆಸರಿನಲ್ಲಿ ಮತ್ತೆ ಮೋಡ ಬಿತ್ತನೆಗೆ ಕೈಹಾಕಿತು. ಮೋಡ ಹುಡುಕುವ ರೇಡಾರ್‌ಗಳನ್ನು ಬೆಂಗಳೂರು, ಗದಗ ಮತ್ತು ಸುರಪುರದಲ್ಲಿ ಇರಿಸಿದರು. ಲಿಂಗಸುಗೂರಿನವರಿಗೆ ಸುರಪುರವೆಂದರೆ ಕೃಷ್ಣೆಯ ಆಚೆ ದಡದ ಊರು. ಬಿತ್ತಲು ಬಂದದ್ದು ಕಿಂಗ್ ಏರ್ ಜಾತಿಯ, ಎರಡು ಎಂಜಿನ್ನಿನ ಪುಟ್ಟ ವಿಮಾನ. ಮಳೆ ಬಂತೇ, ಬಂದದ್ದು ಬಿತ್ತನೆಯಿಂದಲೇ, ಹೇಗೂ ಬರುವುದಿತ್ತೇ ಎಂಬ ಜಗಳ ವಿಧಾನಸೌಧದಿಂದ ಹಳ್ಳಿಯ ಕಟ್ಟೆಯವರೆಗೂ ನಡೆಯಿತು. ‘ಮಾಡ ಓಡಸಾಕ ಬಂದಾರ’ ಎನ್ನುವವರೂ ಇದ್ದರು. ಆ ವಿಮಾನದೊಳಗೆ ಕೂತವರ ಪಾಡೇನು ಎಂದು ಕೇಳಿದವರು ಕಡಿಮೆ.

ಮೇಲೇರಿದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ಕಾವು ಇಳಿಯುತ್ತದೆ. ಮುಂಗಾರಿನಲ್ಲಿ ನಮ್ಮ ತಲೆಯ ಮೇಲೆ ಸುಮಾರು 5 ಕಿ.ಮೀ. ಎತ್ತರದಲ್ಲಿ ಸೊನ್ನೆ ಡಿಗ್ರಿ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದೂರಕ್ಕಿಂತ ಎಷ್ಟೋ ಹತ್ತಿರದಲ್ಲಿದೆ ಚಳಿಗಾಲ! ಅಲ್ಲಿಂದ ಮೇಲಿನ ಮೋಡದಲ್ಲಿ ವಿಚಿತ್ರವಾದ ಹನಿಗಳಿರುತ್ತವೆ. ಸೊನ್ನೆಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದವು. ತಗಲಲು ಏನಾದರೂ ಸಿಕ್ಕಿತೋ, ಆ ಗಳಿಗೆಗೇ ಗಡ್ಡೆ. ಬಿತ್ತನೆಯವರ ಸಿಲ್ವರ್ ಅಯೋಡೈಡ್ ಹೊಗೆ ಆ ಹನಿಗಳಿಗೆ ಒದಗಿಸುವುದು ಆ ‘ಏನಾದರೂ’ ಎಂಬುದನ್ನೇ. ತೊಂದರೆಯೆಂದರೆ, ವಿಮಾನದ ರೆಕ್ಕೆಯೂ ಅವಕ್ಕೆ ‘ಏನಾದರೂ’ ಆಗಬಲ್ಲದು. ಬೇರೆ ಪೈಲಟ್‌ಗಳು ದೂರದಿಂದಲೇ ಸುತ್ತಿ ಹೋಗುವ ಮೋಡವನ್ನು ಇವರು ಹುಡುಕಿಕೊಂಡು ಹೋಗುತ್ತಾರೆ.

ಗಡ್ಡೆ ಮೊದಲು ಕೂರುವುದು ರೆಕ್ಕೆಯ ಮುಂಚೂಣಿಯಲ್ಲಿ, ಪ್ರೊಪೆಲ್ಲರಿನ ಅಲಗಿನಲ್ಲಿ, ಗಾಜಿನ ಮೇಲೆ. ಭಾರಕ್ಕಿಂತ ಆಕಾರದ ಕಾಟ ದೊಡ್ಡದು. ಉಪ್ಪು ಕಾಗದದಷ್ಟು ಒರಟಾದ ತೆಳ್ಳನೆ ಪದರವೇ ರೆಕ್ಕೆಯ ಎತ್ತುವ ಬಲವನ್ನು ತಿಂದುಹಾಕುತ್ತದೆ. ಹಾಗಾಗಿ ಇಂಥ ವಿಮಾನಗಳ ರೆಕ್ಕೆಯ ಅಂಚಿಗೆ ಕಪ್ಪು ರಬ್ಬರಿನ ಹೊದಿಕೆ ಇರುತ್ತದೆ. ಗಾಳಿ ತುಂಬಿದರೆ ಅದು ಸೈಕಲ್ ಟ್ಯೂಬಿನಂತೆ ಉಬ್ಬಿ ಗಡ್ಡೆಯನ್ನು ಸಿಡಿಸುತ್ತದೆ. ಪ್ರೊಪೆಲ್ಲರಿಗೆ ವಿದ್ಯುತ್ತಿನ ಕಾವು. ಅಲ್ಲಿಂದ ಕಿತ್ತು ಹಾರಿದ ಚೂರುಗಳು ವಿಮಾನದ ಮೈಗೆ ಬಡಿದಾಗ ತಗಡಿನ ಶೆಡ್ಡಿಗೆ ಹುಡುಗರು ಕಲ್ಲೆಸೆದ ಸದ್ದು. ಎಂಜಿನ್ನಿನ ಬಾಯಲ್ಲೊಂದು ತಡೆ: ಗಾಳಿ ತಟ್ಟನೆ ತಿರುಗಿ ಒಳಹೋಗುತ್ತದೆ, ಭಾರವಾದ ಹನಿಯೂ ಗಡ್ಡೆಯೂ ತಿರುಗಲಾರದೆ ನೇರವಾಗಿ ಹೊರಬೀಳುತ್ತವೆ. ಆ ತಡೆ ಹಾಕಲು ಮರೆತರೆ ಎಂಜಿನ್ ಗಡ್ಡೆಯನ್ನೇ ನುಂಗಬೇಕು.

ನುಂಗಿ ಆರಿಹೋದರೆ? ಎರಡಿವೆಯಲ್ಲ, ಒಂದು ಹೋದರೆ ಇನ್ನೊಂದು ಎನ್ನುತ್ತೇವೆ ನಾವು. ಬಂಡಿ ಹೂಡಿದವರನ್ನು ಕೇಳಿ. ಜೋಡಿಯಲ್ಲಿ ಒಂದೆತ್ತು ಮಲಗಿದರೆ ಬಂಡಿ ಅರ್ಧ ವೇಗದಲ್ಲಿ ನೆಟ್ಟಗೆ ಹೋಗುವುದಿಲ್ಲ, ಮಲಗಿದ ಎತ್ತಿನ ಕಡೆಗೆ ಹೊರಳುತ್ತದೆ. ವಿಮಾನವೂ ಹಾಗೆಯೇ. ಪೈಲಟ್ ಒಂದು ಕಾಲಿನಿಂದ ಬಾಲದ ಚುಕ್ಕಾಣಿಯಾದ ರಡ್ಡರನ್ನು ಒತ್ತಿ ಹಿಡಿದು ವಿಮಾನವನ್ನು ನೇರ ಇಡಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ಲೆಕ್ಕ. ವೇಗ ಒಂದು ಮಟ್ಟಕ್ಕಿಂತ ಇಳಿದರೆ ರಡ್ಡರಿಗೆ ಸಾಲುವಷ್ಟು ಗಾಳಿಯೇ ಸಿಗದೆ ವಿಮಾನ ಮಗುಚುತ್ತದೆ. ಇನ್ನು ಶಕ್ತಿಯ ಮಾತು. ಸಂಬಳ ಅರ್ಧವಾದ ಮನೆಯಲ್ಲಿ ಉಳಿತಾಯ ಅರ್ಧವಾಗುತ್ತದೆಯೇ? ಮಟ್ಟಸವಾಗಿ ಹಾರಲಿಕ್ಕೇ ಬಹುಪಾಲು ಶಕ್ತಿ ಬೇಕು, ಮೇಲೇರುವುದು ಮಿಕ್ಕಿದ್ದರಲ್ಲಿ. ಒಂದು ಎಂಜಿನ್ ಹೋದರೆ ಏರುವ ತಾಕತ್ತಿನಲ್ಲಿ ಶೇ 80ಕ್ಕೂ ಹೆಚ್ಚು ಹೋಗುತ್ತದೆ. ತೈಪೆಯಲ್ಲಿ 2015ರ ಫೆಬ್ರುವರಿ 4ರಂದು ಎಟಿಆರ್ ವಿಮಾನವೊಂದರ ಸಿಬ್ಬಂದಿ ಗಡಿಬಿಡಿಯಲ್ಲಿ ಸರಿಯಿದ್ದ ಎಂಜಿನ್ನನ್ನೇ ಆರಿಸಿಬಿಟ್ಟರು. 43 ಜನ ಸತ್ತರು.

ಈ ಪಾಠಕ್ಕೆ ಕರ್ನಾಟಕವೂ ಬೆಲೆ ತೆತ್ತಿದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ‘ಸರಸ್’ ಎರಡು ಎಂಜಿನ್ನಿನ ಹಗುರ ವಿಮಾನ. ಎಂಜಿನ್ ಕೂಡ ಕಿಂಗ್ ಏರ್‌ಗೆ ಹಾಕುವ ಪಿಟಿ6 ವಂಶದ್ದೇ. 2004ರ ಮೇ 29ರಂದು ಮೊದಲು ಹಾರಿತು. 2009ರ ಮಾರ್ಚ್ 6ರಂದು ಎರಡನೇ ಮಾದರಿಯನ್ನು ಮೇಲೆ ಕೊಂಡೊಯ್ದು, ಸುಮಾರು 9,000 ಅಡಿಯಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆಯಿತು. ವಿಮಾನ ಹಿಡಿತ ತಪ್ಪಿ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಬಿತ್ತು. ವಾಯುಪಡೆಯ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಷಾ, ಇಳಯರಾಜ ಮೂವರೂ ತೀರಿಕೊಂಡರು. ಮತ್ತೆ ಹೊತ್ತಿಸಲು ಬರೆದುಕೊಟ್ಟಿದ್ದ ಕ್ರಮವೇ ತಪ್ಪಿತ್ತು, ಅದಕ್ಕೆ ಆ ಎತ್ತರವೂ ಸಾಲದಾಗಿತ್ತು ಎಂದಿತು ತನಿಖೆ. ಸರಿಯಾಗಿ ಹಾರಬಲ್ಲವರ ಕೈಗೆ ತಪ್ಪು ಚೀಟಿ ಕೊಟ್ಟಂತೆ. ಸುಧಾರಿಸಿದ ಸರಸ್ ಮತ್ತೆ ಹಾರಿದ್ದು 2018ರ ಜನವರಿ 24ರಂದು.

ಎಂಜಿನ್ ಕೈಕೊಟ್ಟಾಗ ರಾಯಚೂರು ಸೀಮೆಯ ಬಿಸಿಲು ಶತ್ರುವೇ ಸರಿ. ಸಿಂಧನೂರು ಸಮುದ್ರಮಟ್ಟದಿಂದ 400 ಮೀಟರ್ ಕೂಡ ಎತ್ತರವಿಲ್ಲ. ಆದರೂ 42 ಡಿಗ್ರಿಯ ಮಧ್ಯಾಹ್ನ ಅಲ್ಲಿನ ಗಾಳಿ ಸುಮಾರು 1,400 ಮೀಟರ್ ಎತ್ತರದಲ್ಲಿರುವಷ್ಟು ತೆಳುವಾಗುತ್ತದೆ, ಮಡಿಕೇರಿಗಿಂತ ಮೇಲೆ ಹೋದಂತೆ. ರೆಕ್ಕೆಗೂ ಎಂಜಿನ್ನಿಗೂ ಹಿಡಿದುಕೊಳ್ಳಲು ಗಾಳಿ ಸಾಲದು. ನೆಲ ಬಿಟ್ಟ ತಕ್ಷಣ ಒಂದು ಎಂಜಿನ್ ನಿಂತರೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ಗಡ್ಡೆಯ ವಿಷಯದಲ್ಲಿ ಮಾತ್ರ ಅದೇ ಬಿಸಿಲು ನೆಂಟ. ಕೆನಡಾದ ಜನವರಿಯಲ್ಲಿ ರೆಕ್ಕೆಗೆ ಮಂಜು ಕಟ್ಟಿದರೆ ಪೈಲಟ್ ಎಷ್ಟು ಕೆಳಗಿಳಿದರೂ ಬಿಡುಗಡೆಯಿಲ್ಲ, ನೆಲವೇ ಹೆಪ್ಪುಗಟ್ಟಿರುತ್ತದೆ. ಇಲ್ಲಿ ರಬ್ಬರು ಉಬ್ಬದಿದ್ದರೂ, ಕಾವಿನ ತಂತಿ ಸುಟ್ಟುಹೋದರೂ, ಮೂತಿ ಕೆಳಗೆ ಮಾಡಿ ಒಂದೆರಡು ಕಿಲೋಮೀಟರ್ ಇಳಿದರೆ ಬೆಚ್ಚನೆಯ ಗಾಳಿ ಸಿಗುತ್ತದೆ. ಗಾಜಿನ ಮೇಲಿನ ಬಿಳಿ ಮೊದಲು ಅಂಚಿನಲ್ಲಿ ಒದ್ದೆಯಾಗಿ, ಹಾಳೆಯಂತೆ ಜಾರಿ, ಕಳಚಿ ಹೋಗುತ್ತದೆ. ಕೆಳಗೆ ಮಸ್ಕಿಯ ಗುಡ್ಡ ಕಾಣುತ್ತದೆ.